ಹೇಮಾವತಿ ಹಿನ್ನೀರಿನಲ್ಲಿ ಗೆಂಡೆ ಗಾಳ: ಕಡಿಮೆ ಖರ್ಚಿನ ನಾಲ್ಕು ದಿನ

ಗೆಂಡೆ ಮೀನಿಗೆ ಗಾಳ ಹಾಕಲು ಹೊರಟವರ ಜೇಬು ಖಾಲಿಯಾಗುವುದು ಹೆಚ್ಚಾಗಿ ರಾಡು, ರೀಲು ಮಾರುವ ಅಂಗಡಿಯಲ್ಲಿ. ದಡದ ಮೇಲಿರುವ ರಾಡು ಐನೂರರದ್ದೋ ಐದು ಸಾವಿರದ್ದೋ ಎಂಬುದು ನೀರಿನ ತಳದಲ್ಲಿ ಮೇಯುವ ಮೀನಿಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಕೊಕ್ಕೆಯ ಮೊನೆ, ದಾರದ ಕೊನೆಯ ಒಂದು ಗೇಣು, ಮತ್ತು ನಿನ್ನೆಯೂ ಇದೇ ಜಾಗದಲ್ಲಿ ಮೇವು ಸಿಕ್ಕಿತ್ತೋ ಇಲ್ಲವೋ ಎಂಬುದು. ಆದ್ದರಿಂದ ಕೈಲಿರುವ ಸ್ವಲ್ಪ ಹಣವನ್ನು ಕೊಕ್ಕೆಗೆ, ದಾರಕ್ಕೆ ಮತ್ತು ಮೇವಿಗೆ ಹಾಕಬೇಕು. ಉಳಿದದ್ದನ್ನು ಒಂದೇ ದಡದಲ್ಲಿ ಕೆಲವು ದಿನ ಕೂರುವುದಕ್ಕೆ ಇಟ್ಟುಕೊಳ್ಳಬೇಕು. ಈ ಪ್ರವಾಸದ ಲೆಕ್ಕಾಚಾರವೆಲ್ಲ ಅದರ ಮೇಲೆಯೇ ನಿಂತಿದೆ. ಜನ ಇಬ್ಬರು, ಬೈಕು ಒಂದು.

ಜಾಗ ಹಾಸನ ಜಿಲ್ಲೆಯ ಹೇಮಾವತಿ ಹಿನ್ನೀರು, ಶೆಟ್ಟಿಹಳ್ಳಿ ಕಡೆಯ ದಡ. ಕಾಲ ಜನವರಿಯ ಕೊನೆ. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದದ್ದು, ಅದರ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ದಿನಪತ್ರಿಕೆಗಳಲ್ಲಿ ಬರುವ ಜಲಾಶಯಗಳ ಪಟ್ಟಿಯನ್ನು ರೈತರಷ್ಟೇ ಆಸಕ್ತಿಯಿಂದ ಗಾಳದವರೂ ಓದಬೇಕು. ಹೊರಡುವ ಮುಂಚೆ ಒಂದು ವಾರದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ನೀರು ದಿನಕ್ಕೆ ಸ್ವಲ್ಪಸ್ವಲ್ಪವೇ, ಒಂದೇ ಸಮನೆ ಇಳಿಯುತ್ತಿದ್ದರೆ ಮೀನು ತನ್ನ ಮೇವಿನ ಜಾಗ ಬಿಡುವುದಿಲ್ಲ. ನಾಲೆಗೆ ಹಠಾತ್ತಾಗಿ ನೀರು ಬಿಟ್ಟು ಮಟ್ಟ ಒಮ್ಮೆಲೇ ಇಳಿದರೆ ಆಳಕ್ಕೆ ಸರಿದುಬಿಡುತ್ತದೆ. ಹಿನ್ನೀರಿನ ದಡ ಬಹಳ ಇಳಿಜಾರಿಲ್ಲದ ಹಳೆಯ ಹೊಲ. ಅಲ್ಲಿ ಒಂದು ಅಡಿ ನೀರು ಇಳಿಯಿತೆಂದರೆ ನೀರಿನ ಅಂಚು ಹತ್ತಾರು ಹೆಜ್ಜೆ ಹಿಂದೆ ಹೋಗಿರುತ್ತದೆ. ಹೋದ ತಿಂಗಳು ಯಾರೋ ತೋರಿಸಿದ ‘ಒಳ್ಳೆಯ ಜಾಗ’ ಈಗ ಒಣನೆಲವಾಗಿರಬಹುದು.

ಇಲ್ಲಿ ನಮ್ಮ ಕಣ್ಣು ಸಾಮಾನ್ಯ ಗೆಂಡೆಯ ಮೇಲೆ, ಅಂದರೆ ಕಾಮನ್ ಕಾರ್ಪ್. ಈ ಮೀನು ನಮ್ಮ ನಾಡಿನದಲ್ಲ. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಒಂದು ತಳಿ ಬಂತು, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು. ಬಯಲುಸೀಮೆಯ ಕೆರೆಕಟ್ಟೆಗಳಿಗೆ ಒಗ್ಗಿಕೊಂಡಿದ್ದು ಎರಡನೆಯದು. ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆಯಿಡಲು ಹರಿಯುವ ಪ್ರವಾಹ ಬೇಕು. ನಿಂತ ನೀರಿನಲ್ಲಿ ಅವುಗಳ ಸಂಖ್ಯೆ ಬಹುಪಾಲು ಇಲಾಖೆ ಬಿಡುವ ಮರಿಗಳನ್ನೇ ನಂಬಿಕೊಂಡಿರುತ್ತದೆ. ಸಾಮಾನ್ಯ ಗೆಂಡೆ ಹಾಗಲ್ಲ. ದಡದ ಜೊಂಡಿಗೆ, ಮುಳುಗಿದ ಹುಲ್ಲಿಗೆ ಮೊಟ್ಟೆ ಅಂಟಿಸಿ ತಾನಾಗಿಯೇ ಹೆಚ್ಚುತ್ತದೆ. ಅದರ ಊಟ ತಳದಲ್ಲಿ: ಕೆಸರಿನ ಹುಳು, ಸಣ್ಣ ಬಸವನಹುಳು, ಕಾಳು. ದಡದಿಂದ ಕಾಳು, ಹಿಂಡಿ ಎಸೆದು ಕೂರುವವರಿಗೆ ಇದಕ್ಕಿಂತ ಒದಗುವ ಮೀನು ಇನ್ನೊಂದಿಲ್ಲ.

ಹೊರಡುವ ಮುಂಚಿನ ಅಡುಗೆಮನೆ ಕೆಲಸ

ಮೇವಿನ ಕೆಲಸ ಹೊರಡುವುದಕ್ಕೆ ಮೂರು ದಿನ ಮುಂಚೆ ಶುರುವಾಗಬೇಕು. ನಾಲ್ಕು ಕಿಲೋ ಒಣ ಮೆಕ್ಕೆಜೋಳ ತನ್ನಿ. ಕೋಳಿ, ದನದ ಮೇವಿನ ಅಂಗಡಿಯದಾದರೆ ಸಾಕು, ದಿನಸಿ ಅಂಗಡಿಯದೇ ಬೇಕಿಲ್ಲ. ಒಂದು ಹಗಲು ಒಂದು ರಾತ್ರಿ ನೆನೆಸಿ, ಅದೇ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ. ಕಾಳು ಉಗುರಿಗೆ ಒತ್ತಬೇಕು, ಅಲ್ಲಲ್ಲಿ ಒಂದೊಂದು ಒಡೆದಿರಬೇಕು, ಹಿಟ್ಟಾಗಿರಬಾರದು. ಬಸಿಯಬೇಡಿ. ಮುಚ್ಚಳವಿರುವ ಬಕೆಟ್ಟಿಗೆ ನೀರಿನ ಸಮೇತ ಹಾಕಿ, ಒಂದು ಹಿಡಿ ಬೆಲ್ಲ ಸೇರಿಸಿ ಇನ್ನೆರಡು ದಿನ ಬಿಟ್ಟರೆ ನೀರು ಅಂಟಂಟಾಗಿ ಹುಳಿವಾಸನೆ ಬರುತ್ತದೆ. ಆ ವಾಸನೆಯೇ ಮೀನನ್ನು ಕರೆತರುವುದು. ಮುಚ್ಚಳ ಗಟ್ಟಿಯಾಗಿ ಹಾಕಿದರೆ ಗಾಳಿ ತುಂಬಿ ಸಿಡಿಯುತ್ತದೆ, ಸಡಿಲವಿರಲಿ. ಒಂದು ಮಾತು ಮರೆಯಬಾರದು. ನೆನೆಸದ, ಬೇಯಿಸದ ಕಾಳನ್ನು ನೀರಿಗೆ ಎಸೆಯಬೇಡಿ, ಅದು ಮೀನಿನ ಹೊಟ್ಟೆಯೊಳಗೆ ಉಬ್ಬುತ್ತದೆ.

ಕೊಕ್ಕೆಗೆ ಕಟ್ಟಲು ಉಂಡೆ ಬೇಕು. ಪೇಟೆಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಬಾಯ್ಲಿ, ಅಂದರೆ ಬೇಯಿಸಿ ಒಣಗಿಸಿದ ಮೇವಿನುಂಡೆ, ದುಬಾರಿ, ಮನೆಯಲ್ಲೇ ಮಾಡಿದರೆ ನೂರು ರೂಪಾಯಿಯೊಳಗೆ ಮುಗಿಯುತ್ತದೆ. ರಾಗಿ ಹಿಟ್ಟು 200 ಗ್ರಾಂ, ಹುರಿಗಡಲೆ ಪುಡಿ 200 ಗ್ರಾಂ, ಮೈದಾ 100 ಗ್ರಾಂ, ಪುಡಿ ಮಾಡಿದ ಕಡಲೆಕಾಯಿ ಹಿಂಡಿ 50 ಗ್ರಾಂ, ಎರಡು ಚಮಚ ಬೆಲ್ಲದ ಪುಡಿ. ನಾಲ್ಕು ಮೊಟ್ಟೆ ಒಡೆದು ಕಲಸಿ, ಒಣ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. 14 ಮಿ.ಮೀ. ಅಗಲದ, ಅಂದರೆ ಬಟಾಣಿಯ ಎರಡರಷ್ಟು ದಪ್ಪದ ಉಂಡೆ ಕಟ್ಟಿ, ಕುದಿಯುವ ನೀರಿಗೆ ಒಂದು ಹಿಡಿಯಷ್ಟೇ ಹಾಕಿ ಎರಡು ನಿಮಿಷಕ್ಕೆ ತೆಗೆಯಿರಿ. ಬಟ್ಟೆಯ ಮೇಲೆ ನೆರಳಿನಲ್ಲಿ ಒಂದು ದಿನ ಒಣಗಿಸಿ. ಮೊಟ್ಟೆ ಬೆಂದು ಹೊರಗೆ ಒಂದು ಸಿಪ್ಪೆ ಕಟ್ಟುತ್ತದೆ, ಸಣ್ಣ ಮೀನು ಅದನ್ನು ಕುಟುಕಿ ಬಿಚ್ಚಲಾರದು. ರಾಗಿಯನ್ನೇ ಹೆಚ್ಚಿಸಿದರೆ ಉಂಡೆ ಸೀಳುತ್ತದೆ, ಏಕೆಂದರೆ ರಾಗಿಗೆ ಮೈದಾದ ಜಿಗುಟಿಲ್ಲ. ಒಂದೇ ಸಲ ಬಹಳ ಉಂಡೆ ಹಾಕಿದರೆ ನೀರಿನ ಕುದಿ ನಿಂತು ಸಿಪ್ಪೆ ಕಟ್ಟುವ ಮೊದಲೇ ಮೆತ್ತಗಾಗುತ್ತದೆ.

ಇನ್ನು ಸಾಮಾನು. ಫೈಬರ್ ಗ್ಲಾಸಿನ, ಮಡಚುವ ಏಳೆಂಟು ಅಡಿಯ ರಾಡು ಮತ್ತು 3000 ಅಥವಾ 4000 ಅಳತೆಯ ರೀಲು ಸೇರಿ 1,200 ರೂಪಾಯಿ ಸುಮಾರಿಗೆ ಸಿಗುತ್ತವೆ. ಅದೂ ಇಲ್ಲವೆಂದರೆ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ದಾರ ಸುತ್ತಿ, ಬಾಟಲಿಯ ಬಾಯಿ ನೀರಿನ ಕಡೆಗೆ ಹಿಡಿದು, ಇನ್ನೊಂದು ಕೈಯಲ್ಲಿ ಭಾರ ಬೀಸಿ ಎಸೆಯಬಹುದು. ದಾರ ಬಾಟಲಿಯ ಮೇಲಿಂದ ತಾನೇ ಜಾರಿ ಬಿಚ್ಚಿಕೊಳ್ಳುತ್ತದೆ, ಇಪ್ಪತ್ತು ಮೀಟರಿಗೆ ಮೋಸವಿಲ್ಲ. ರೀಲಿನ ಜೊತೆಗೇ ಸುತ್ತಿ ಬರುವ ದಾರವನ್ನು ನಂಬದೆ ಕಿತ್ತು ಹಾಕಿ 0.35 ಮಿ.ಮೀ. ನೈಲಾನ್ ದಾರ ನೂರು ಮೀಟರು ಸುತ್ತಿ. ಕೊಕ್ಕೆ ಕೊಳ್ಳುವಾಗ ಅಂಕಿ ನೋಡಿ ಮೋಸಹೋಗಬೇಡಿ. ಯುರೋಪಿನ ಪದ್ಧತಿಯಲ್ಲಿ ಅಂಕಿ ಹೆಚ್ಚಿದಂತೆ ಕೊಕ್ಕೆ ಚಿಕ್ಕದು (ನಮಗೆ ಬೇಕಾದ್ದು 6 ಅಥವಾ 8). ಚಿನು ಎಂದು ಬರೆದ ಜಪಾನಿ ಮಾದರಿಯಲ್ಲಿ ಅಂಕಿ ಹೆಚ್ಚಿದಂತೆ ಕೊಕ್ಕೆ ದೊಡ್ಡದು. ಮೊನೆಗೂ ಕಡ್ಡಿಗೂ ನಡುವಿನ ಅಂತರ 8ರಿಂದ 10 ಮಿ.ಮೀ. ಇದೆಯೇ ಎಂದು ಅಳೆದು ಕೊಳ್ಳುವುದೇ ಸರಿ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲನೆ ಎಳೆಯಿರಿ. ಜಾರಿದರೆ ಮೊಂಡು, ಗೀರಿ ನಿಂತರೆ ಚೂಪು.

ಭಾರಕ್ಕೆ ಸೀಸ ಬೇಡ, ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ನಟ್ಟು ಸಾಕು. 16 ಎಂ.ಎಂ. ಬೋಲ್ಟಿನ ನಟ್ಟು 33 ಗ್ರಾಂ ಸುಮಾರು ತೂಗುತ್ತದೆ, ಎರಡು ಜೋಡಿಸಿದರೆ 66. ಹತ್ತಿಪ್ಪತ್ತು ಬೇಕು, ಏಕೆಂದರೆ ಕೆಲವು ತಳದಲ್ಲೇ ಉಳಿಯುತ್ತವೆ.

ಮೊದಲ ದಿನ: ದಾರಿ, ಅನುಮತಿ, ತಳದ ಪರಿಚಯ

ಬೆಳಗಿನ ಜಾವ ಐದಕ್ಕೆ ಬೆಂಗಳೂರು ಬಿಟ್ಟರೆ ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣದ ಮೇಲೆ ಹಾಸನ 185 ಕಿ.ಮೀ. ಬೈಕಿಗೆ ಟೋಲ್ ಇಲ್ಲ. ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದು ಹೊರಟರೂ ಕಚೇರಿ ತೆರೆಯುವ ಹೊತ್ತಿಗೆ ಹಾಸನದಲ್ಲಿರಬಹುದು. ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚೇ ಇಲ್ಲ. ಮಡಚುವ ರಾಡು ಚೀಲದಲ್ಲಿ ಹಿಡಿಯುವುದರಿಂದ ಸಾಮಾನಿನ ತಕರಾರೂ ಬರುವುದಿಲ್ಲ.

ಹಾಸನದಲ್ಲಿ ಮೊದಲ ಕೆಲಸ ಮೀನುಗಾರಿಕೆ ಇಲಾಖೆಯ ಕಚೇರಿ. ಜಲಾಶಯಗಳಲ್ಲಿ ಮೀನು ಹಿಡಿಯಲು ಪರವಾನಗಿಯ ಕ್ರಮವಿದೆ, ಊರ ಕೆರೆಗಳಾದರೆ ಸಂಘಗಳಿಗೋ ಗುತ್ತಿಗೆದಾರರಿಗೋ ಹೋಗಿರುತ್ತವೆ. ಯಾವ ದಡದಲ್ಲಿ ಗಾಳ ಹಾಕಬಹುದು, ಅಣೆಕಟ್ಟೆಯಿಂದ ಎಷ್ಟು ದೂರ ಇರಬೇಕು ಎಂದು ಇಲ್ಲೇ ಕೇಳಿ, ಬರಹದಲ್ಲಿ ಪಡೆಯಿರಿ. ದಡಕ್ಕೆ ಹೋದಮೇಲೆ ಹರಿಗೋಲಿನಲ್ಲಿ ಬಲೆ ಬಿಡುವವರನ್ನೂ ಮಾತಾಡಿಸಿ. ‘ಅಣ್ಣಾ, ಬಲೆ ಯಾವ ಕಡೆ ಬಿಟ್ಟಿದೀರಾ?’ ಎಂದು ಕೇಳಿದರೆ ಅವರ ಬಲೆಗೆ ನಮ್ಮ ಕೊಕ್ಕೆ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ, ಮೀನು ಎಲ್ಲಿ ಓಡಾಡುತ್ತಿದೆ ಎಂಬ ಸುಳಿವೂ ಸಿಗುತ್ತದೆ. ಅವರ ಹೊಟ್ಟೆಪಾಡು ಆ ನೀರು. ನಾವು ನಾಲ್ಕು ದಿನದ ನೆಂಟರು.

ರಾತ್ರಿ ದಡದಲ್ಲಿ ಟೆಂಟು ಹಾಕಿದರೆ ರೂಮಿನ ಬಾಡಿಗೆ ಉಳಿಯುತ್ತದಲ್ಲ ಎನ್ನಿಸಬಹುದು. ಬೇಡ. ಆಲೂರು, ಸಕಲೇಶಪುರ, ಅರಕಲಗೂಡು ಕಡೆಯಲ್ಲಿ ಕಾಡಾನೆಗಳ ಓಡಾಟವಿದೆ, ಅವೂ ನೀರಿಗೆ ಬರುತ್ತವೆ. ಹಾಸನದಲ್ಲಿ 700 ರೂಪಾಯಿ ಆಸುಪಾಸಿನ ರೂಮು ಹಿಡಿದು, ಬೆಳಕು ಹರಿದಮೇಲೆ ದಡ ಸೇರಿ, ಕತ್ತಲಾಗುವ ಮೊದಲು ಹಿಂದಿರುಗುವುದೇ ಸರಿ. ಉಳಿತಾಯ ಮಾಡಬಾರದ ಜಾಗ ಇದು.

ಮಧ್ಯಾಹ್ನ ಶೆಟ್ಟಿಹಳ್ಳಿ. ಹಾಸನದಿಂದ ಇಪ್ಪತ್ತು ಕಿ.ಮೀ. ಸುಮಾರು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚಿನ ಪಾಳುಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಗೆ ಬುಡದವರೆಗೆ ತೆರೆದುಕೊಳ್ಳುತ್ತವೆ. ಗೋಡೆಯ ಮೇಲಿನ ನೀರಿನ ಗೆರೆಗಳನ್ನು ನೋಡಿದರೆ ಮಟ್ಟ ಎಷ್ಟು ಇಳಿದಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಅಲ್ಲಿ ನೋಡುವವರ ಗುಂಪು ಇದ್ದೇ ಇರುತ್ತದೆ, ಗೋಡೆಗಳೂ ಶಿಥಿಲ. ಗಾಳದ ಜಾಗ ಅಲ್ಲಿಂದ ದೂರ, ಜನವಿಲ್ಲದ ಒಂದು ಕೊಲ್ಲಿಯಾಕಾರದ ದಡದಲ್ಲಿರಲಿ.

ಇವತ್ತು ಕೊಕ್ಕೆ ಕಟ್ಟುವುದಿಲ್ಲ. ಬರಿಯ ನಟ್ಟು ಕಟ್ಟಿ ಎಸೆದು, ರಾಡನ್ನು ಪಕ್ಕಕ್ಕೆ ಹಿಡಿದು ನಿಧಾನವಾಗಿ ಎಳೆಯುವುದೇ ಕೆಲಸ. ನಟ್ಟು ತಟತಟ ಎಂದು ಕೈಗೆ ಬಡಿದರೆ ತಳ ಜಲ್ಲಿ ಅಥವಾ ಗಟ್ಟಿ ನೆಲ. ಮೆತ್ತಗೆ, ಭಾರವಾಗಿ ಬಂದರೆ ಹೂಳು. ಎಳೆದು ಎಳೆದು ಬಿಟ್ಟಂತಾದರೆ ಗಿಡಗಂಟಿ. ಸಿಕ್ಕಿಕೊಂಡು ಬರದೇ ಇದ್ದರೆ ಮುಳುಗಿದ ಮರದ ಬುಡ. ಹೊಲಗಳು, ತೋಟಗಳು ಮುಳುಗಿದ ಜಾಗವಾದ್ದರಿಂದ ಇಲ್ಲಿ ಬೊಡ್ಡೆಗಳಿಗೆ ಬರವಿಲ್ಲ. ನಮಗೆ ಬೇಕಾದ್ದು ಹೂಳಿನ ನಡುವೆ ಗಟ್ಟಿ ನೆಲದ ಒಂದು ತುಂಡು, ಅಥವಾ ಹಳೆಯ ಹೊಲದ ಬದು. ಮೆತ್ತನೆಯ ಹೂಳಿನಲ್ಲಿ ಕಾಳೂ ಕೊಕ್ಕೆಯೂ ಹೂತುಹೋಗುತ್ತವೆ.

ಆಳ ಅಳೆಯಲು ಒಂದು ಅಗ್ಗದ ಉಪಾಯವಿದೆ. ನಟ್ಟಿಗೆ ಒಂದು ಉಂಗುರ ಕಟ್ಟಿ, ಆ ಉಂಗುರದೊಳಗೆ ದಾರ ಪೋಣಿಸಿ, ದಾರದ ತುದಿಗೆ ದೊಡ್ಡ ಬೆಂಡು ಕಟ್ಟಿ. ಎಸೆದಮೇಲೆ ದಾರ ಬಿಗಿ ಎಳೆದರೆ ಬೆಂಡು ಕೆಳಗೆ ಹೋಗಿ ನಟ್ಟಿಗೆ ತಾಗುತ್ತದೆ. ಆಮೇಲೆ ಅಡಿ ಅಡಿಯಾಗಿ ದಾರ ಬಿಡುತ್ತ ಎಣಿಸಿ. ಬೆಂಡು ಮೇಲೆ ಕಂಡಾಗ ಎಷ್ಟು ಅಡಿಯೋ ಅಷ್ಟು ಆಳ. ದಡದಿಂದ 25 ಮೀಟರಿನಲ್ಲಿ ಆರರಿಂದ ಒಂಬತ್ತು ಅಡಿ ಸಿಕ್ಕರೆ ಅದೇ ಜಾಗ ಗಟ್ಟಿ ಮಾಡಿಕೊಳ್ಳಿ. ಎದುರು ದಡದ ಒಂದು ಮರವನ್ನು ಗುರುತಿಟ್ಟು, ರೀಲಿನ ಕ್ಲಿಪ್ಪಿಗೆ ದಾರ ಸಿಕ್ಕಿಸಿ ದೂರ ನಿಗದಿ ಮಾಡಿ, ಅಲ್ಲೇ ದಾರಕ್ಕೆ ಬಣ್ಣದ ನೂಲಿನ ಗಂಟು ಹಾಕಿ. ಇನ್ನು ಪ್ರತಿ ಸಲವೂ ಅದೇ ಮರದ ನೇರಕ್ಕೆ, ಅದೇ ಗಂಟಿನವರೆಗೆ. ಎಸೆದಮೇಲೆ ಕ್ಲಿಪ್ಪಿನಿಂದ ದಾರ ಬಿಡಿಸಬೇಕು, ಇಲ್ಲವಾದರೆ ಮೀನು ಓಡಿದ ಕ್ಷಣ ದಾರ ಕಡಿದುಹೋಗುತ್ತದೆ.

ಸಂಜೆ ಐದಕ್ಕೆ ಮೇವು. ಒಂದು ಪಾಲು ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ಒಂದು ಪಾಲು ಅಕ್ಕಿ ತೌಡು, ಅರ್ಧ ಪಾಲು ಜೇಡಿಮಣ್ಣು, ಮೇಲೆ ಬೇಯಿಸಿದ ಜೋಳ ಮತ್ತು ಅದರ ಹುಳಿನೀರು. ಹುತ್ತದ ಮಣ್ಣು ಇನ್ನೂ ಚೆನ್ನಾಗಿ ಅಂಟುತ್ತದೆ ಎನ್ನುವವರಿದ್ದಾರೆ, ಆದರೆ ಊರವರು ಪೂಜೆ ಮಾಡುವ ಹುತ್ತಕ್ಕೆ ಕೈ ಹಾಕಬಾರದು. ದಡದ ಜೇಡಿಯೇ ಸಾಕು. ಕಿತ್ತಳೆ ಗಾತ್ರದ ಉಂಡೆ ಕಟ್ಟಿ ಮೊದಲು ಒಂದನ್ನು ನಮ್ಮ ಕಾಲ ಬಳಿಯ ನೀರಿಗೆ ಹಾಕಿ ನೋಡಿ. ಐದರಿಂದ ಹತ್ತು ನಿಮಿಷದಲ್ಲಿ ಬಿರಿಯಬೇಕು. ಗಾಳಿಯಲ್ಲೇ ಪುಡಿಯಾದರೆ ಜೇಡಿ ಕಡಿಮೆ, ಕಾಲು ಗಂಟೆಯಾದರೂ ಕಲ್ಲಿನಂತಿದ್ದರೆ ಹೆಚ್ಚು. ಹನ್ನೆರಡು ಉಂಡೆ ಒಂದೇ ಜಾಗಕ್ಕೆ ಎಸೆದು, ಹಿಂದಿರುಗಿ ನೋಡದೆ ಹಾಸನಕ್ಕೆ ಹೊರಡುವುದು. ರಾತ್ರಿಯಿಡೀ ಯಾರ ಕಾಟವೂ ಇಲ್ಲದೆ ಮೀನು ಮೇದು ಹೋಗಲಿ. ಈ ಸಂಜೆಯ ಎರಡು ಕಿಲೋ ಮೇವು ದುಬಾರಿ ರಾಡು ಮಾಡಲಾರದ ಕೆಲಸ ಮಾಡುತ್ತದೆ.

ಎರಡನೆಯ ದಿನ: ಜಿಲೇಬಿಯ ಕಾಟ, ಕೂದಲಿನ ಕಟ್ಟು

ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷ ಇರುವಾಗ. ಆ ಹೊತ್ತಿಗೆ ದಡದಲ್ಲಿ ಕೂತು ನೀರು ನೋಡಬೇಕು, ಹತ್ತು ನಿಮಿಷ ಏನನ್ನೂ ಎಸೆಯಬಾರದು. ಮೇವು ಹಾಕಿದ ಕಡೆ ಸಣ್ಣ ಗುಳ್ಳೆಗಳ ಗೊಂಚಲು ಏಳುತ್ತ ನಿಧಾನವಾಗಿ ಸರಿಯುತ್ತಿದ್ದರೆ ಗೆಂಡೆ ತಳ ಕೆದಕುತ್ತಿದೆ ಎಂದರ್ಥ. ಒಂದೇ ಜಾಗದಲ್ಲಿ ದೊಡ್ಡ ಗುಳ್ಳೆ ಒಂದೆರಡು ಬಂದು ನಿಂತರೆ ಅದು ಕೊಳೆತ ಎಲೆಗಳ ಗಾಳಿ. ನೀರು ಅಲ್ಲಿ ಮಾತ್ರ ಕದಡಿ ಕೆಂಪಾಗಿದ್ದರಂತೂ ಸಂಶಯವೇ ಬೇಡ.

ಮೊದಲು ಮೃದುವಾದ ಹಿಟ್ಟಿನುಂಡೆ ಹಾಕಿದರೆ ರಾಡಿನ ತುದಿಗೆ ಕಟ್ಟಿದ ಗೆಜ್ಜೆ ಟಿಣಿಟಿಣಿ ಎನ್ನುತ್ತಲೇ ಇರುತ್ತದೆ, ಎಳೆದರೆ ಬರಿಗೊಕ್ಕೆ. ಇದು ಜಿಲೇಬಿ ಮೀನಿನ, ಅಂದರೆ ತಿಲಾಪಿಯಾದ ಕೆಲಸ. ಗುಂಪಾಗಿ ಬಂದು ಕುಟುಕುತ್ತವೆ, ಮೈದಾ ಉಂಡೆ ಎರಡು ನಿಮಿಷ ಉಳಿಯುವುದಿಲ್ಲ. ಹಿಟ್ಟಿಗೆ ಒಂದಿಷ್ಟು ಹತ್ತಿಯ ಎಳೆ ಸೇರಿಸಿ ನಾದುವ ಹಳೆಯ ಪದ್ಧತಿಯಿಂದ ಉಂಡೆ ಕೊಕ್ಕೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಪೂರ್ತಿ ಪರಿಹಾರ ಮೇವನ್ನು ಕೊಕ್ಕೆಯಿಂದ ಹೊರಗೆ ತರುವುದು. 1970ರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ ಕೂದಲಿನ ಕಟ್ಟು ಇದನ್ನೇ ಮಾಡುತ್ತದೆ. ಗೆಂಡೆ ಮೇವನ್ನು ಬಾಯೊಳಗೆ ಹೀರಿ, ಇಷ್ಟವಾಗದ್ದನ್ನು ಊದಿ ಹೊರಹಾಕುತ್ತದೆ. ಕೊಕ್ಕೆಗೇ ಚುಚ್ಚಿದ ಕಾಳು ಗಡುಸಾಗಿ ಸಿಕ್ಕಿದರೆ ಅನುಮಾನಪಟ್ಟು ಉಗುಳಿಬಿಡುತ್ತದೆ. ಕಾಳು ‘ಕೂದಲು’ ಎನ್ನುವ ಒಂದು ತೆಳು ದಾರದ ತುದಿಯಲ್ಲಿ ಬಿಡಿಯಾಗಿದ್ದರೆ ಅದನ್ನು ಉಗುಳುವಾಗ ಬರಿದಾದ ಕೊಕ್ಕೆ ಕೆಳತುಟಿಗೆ ನೆಟ್ಟುಕೊಳ್ಳುತ್ತದೆ.

ಕಟ್ಟುವ ಬಗೆ ಹೀಗೆ. ಒಂದೂವರೆ ಗೇಣು ದಾರ ತೆಗೆದುಕೊಂಡು ಒಂದು ತುದಿಗೆ ಸಣ್ಣ ಕುಣಿಕೆ ಹಾಕಿ. ಇನ್ನೊಂದು ತುದಿಯನ್ನು ಕೊಕ್ಕೆಯ ಕಣ್ಣಿನೊಳಗೆ ಹಿಂಬದಿಯಿಂದ ತೂರಿಸಿ, ಕುಣಿಕೆಯು ಕೊಕ್ಕೆಯ ಬಾಗಿನಿಂದ ಒಂದು ಸೆಂಟಿಮೀಟರು ಹೊರಗೆ ಉಳಿಯುವಂತೆ ಹಿಡಿಯಿರಿ. ಉದ್ದನೆಯ ತುದಿಯಿಂದ ಕೊಕ್ಕೆಯ ಕಡ್ಡಿಗೂ ಕೂದಲಿಗೂ ಸೇರಿಸಿ ಏಳೆಂಟು ಸುತ್ತು ಕೆಳಮುಖವಾಗಿ ಸುತ್ತಿ, ಮತ್ತೆ ಅದೇ ಹಿಂಬದಿಯಿಂದಲೇ ಕಣ್ಣಿನೊಳಗೆ ತೂರಿಸಿ, ಎಂಜಲಿನಿಂದ ಒದ್ದೆ ಮಾಡಿ ಬಿಗಿಯಿರಿ. ಒಣದಾರ ಬಿಗಿದರೆ ಉಜ್ಜಿ ಬಿಸಿಯಾಗಿ ಗಂಟಿನಲ್ಲೇ ಸೋಲುತ್ತದೆ. ಕೊನೆಯ ತೂರಿಕೆ ಎದುರುಬದಿಯಿಂದ ಮಾಡಿದರೆ ಕೊಕ್ಕೆ ವಾಲಿಕೊಳ್ಳುತ್ತದೆ, ಮೀನು ಕಚ್ಚಿದರೂ ನಾಟುವುದಿಲ್ಲ. ಎರಡು ಜೋಳದ ಕಾಳನ್ನು ಸೂಜಿಯಿಂದ ಚುಚ್ಚಿ ಕುಣಿಕೆಗೆ ಪೋಣಿಸಿ, ಹುಲ್ಲುಕಡ್ಡಿಯ ತುಂಡನ್ನು ತಡೆಯಾಗಿ ಕುಣಿಕೆಯೊಳಗೆ ಇಡಿ. ಕಾಳನ್ನು ಮೀರಿ ಬರುವ ಜಿಲೇಬಿ ಇದ್ದರೆ ಮನೆಯಲ್ಲಿ ಮಾಡಿದ ಉಂಡೆ ಕಟ್ಟಿ.

ಕೊಕ್ಕೆಯ ದಾರದ ಇನ್ನೊಂದು ತುದಿ ಸ್ವಿವೆಲ್ಲಿಗೆ (ದಾರ ತಿರುಚಿಕೊಳ್ಳದಂತೆ ತಿರುಗುವ ಸಣ್ಣ ಲೋಹದ ಕೊಂಡಿ), ಸ್ವಿವೆಲ್ಲು ಮುಖ್ಯ ದಾರಕ್ಕೆ. ಜೋಡಿ ನಟ್ಟನ್ನು ಸ್ವಿವೆಲ್ಲಿನ ಉಂಗುರಕ್ಕೆ ಬಟ್ಟೆ ಹೊಲಿಯುವ ನೂಲಿನಿಂದಲೇ ಕಟ್ಟಬೇಕು, ನೈಲಾನಿನಿಂದ ಕೂಡದು. ಮೀನು ಮೇವು ಎತ್ತಿ ಹೊರಟಾಗ 66 ಗ್ರಾಂ ಭಾರ ತಟ್ಟನೆ ಎಳೆದು ಕೊಕ್ಕೆ ತಾನೇ ನಾಟುತ್ತದೆ. ನಟ್ಟು ಬೊಡ್ಡೆಗೆ ಸಿಕ್ಕಿಕೊಂಡರೆ ನೂಲು ಕಿತ್ತು ಮೀನು ನಮಗೆ ಉಳಿಯುತ್ತದೆ. ದಾರವೇ ಕಡಿದುಹೋದರೂ ಆ ಬಡಜೀವ ಕಬ್ಬಿಣ ಹೊತ್ತುಕೊಂಡು ಸಾಯುವುದಿಲ್ಲ. ಇಷ್ಟು ಭಾರವನ್ನು ಅಗ್ಗದ ರಾಡಿನಲ್ಲಿ ಜೋರಾಗಿ ಬೀಸಬೇಡಿ. ಮೆಲ್ಲನೆ ತೂಗಿ ಎಸೆದರೆ 25 ಮೀಟರು ಸುಲಭ, ಜೋರು ಮಾಡಿದರೆ ರಾಡಿನ ತುದಿ ಮುರಿಯುತ್ತದೆ.

ರೀಲಿನ ಬಿಗಿ ಹೊಂದಿಸಲು ತಕ್ಕಡಿ ಬೇಡ. ಎರಡು ಲೀಟರು ನೀರು ತುಂಬಿದ ಬಾಟಲಿಗೆ ದಾರ ಕಟ್ಟಿ ನೇರ ಎತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲು ದಾರ ಬಿಡಲು ಶುರುಮಾಡಬೇಕು. ಕವೆಗೋಲಿನ ಮೇಲೆ ರಾಡು ಇಟ್ಟು ಕಾಯುವಾಗ ಇನ್ನೂ ಸಡಿಲ ಮಾಡಿ. ಬಿಗಿಯಾಗಿಯೇ ಇಟ್ಟು ಚಹಾ ಕುಡಿಯಲು ಎದ್ದರೆ ರಾಡು ನೀರಿಗೆ ಹೋಗುತ್ತದೆ, ಮೂರು ಕಿಲೋ ಗೆಂಡೆಗೆ ಅಷ್ಟು ಶಕ್ತಿ ಧಾರಾಳ.

ಗೆಜ್ಜೆಯ ಟಿಣಿಟಿಣಿಗೆ ಕೈ ಹಾಕಬೇಡಿ. ಗೆಂಡೆ ಕಚ್ಚಿದರೆ ರಾಡಿನ ತುದಿ ಬಾಗಿ ಬಾಗಿಯೇ ಇರುತ್ತದೆ, ರೀಲು ಕಿರ್ರೆನ್ನುತ್ತದೆ. ಆಗ ಜಗ್ಗುವುದೂ ಬೇಡ, ಎತ್ತಿ ಹಿಡಿದರೆ ಸಾಕು. ಮೊದಲ ಓಟಕ್ಕೆ ಬಿಡಿ, ಬೊಡ್ಡೆಗಳಿರುವ ಕಡೆ ತಿರುಗಿದರೆ ಮಾತ್ರ ರಾಡನ್ನು ಎದುರುದಿಕ್ಕಿಗೆ ನೀರಿನ ಮಟ್ಟಕ್ಕೆ ಬಾಗಿಸಿ ತಲೆ ತಿರುಗಿಸಿ. ಹೆಚ್ಚು ಮೀನು ತಪ್ಪಿಸಿಕೊಳ್ಳುವುದು ದಡದ ಹತ್ತಿರ. ನಮ್ಮ ಕೈಬಲೆ ಕಂಡೊಡನೆ ಕೊನೆಯ ಓಟ ಓಡುತ್ತದೆ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿ ಹಿಡಿದು, ಮೀನನ್ನು ಅದರ ಮೇಲಕ್ಕೆ ತರಬೇಕು. ಬಲೆಯನ್ನು ಮೀನಿನ ಹಿಂದೆ ಓಡಿಸಬಾರದು.

ಹನ್ನೊಂದರಿಂದ ಮೂರರವರೆಗೆ ನೀರು ಸುಮ್ಮನಿರುತ್ತದೆ. ಆ ಹೊತ್ತು ಗಂಟು ನೋಡಲು, ಸವೆದ ದಾರದ ಎರಡು ಮೀಟರು ಕತ್ತರಿಸಲು, ಊಟಕ್ಕೆ. ಸಂಜೆ ಹೊರಡುವ ಮುಂಚೆ ಮತ್ತೆ ಮೇವು, ಈ ಸಲ ಆರೇ ಉಂಡೆ.

ಮೂರನೆಯ ದಿನ: ಗಾಳಿ ಹೇಳುವ ಜಾಗ

ಈ ಕಾಲದಲ್ಲಿ ಬೀಸುವುದು ಮೂಡುಗಾಳಿ. ಬೆಳಿಗ್ಗೆ ತಣ್ಣಗೆ, ಹತ್ತರ ಮೇಲೆ ಜೋರಾಗಿ. ಗಾಳಿ ತೇಲುಮೇವನ್ನೆಲ್ಲ ಪಡುವಣ ದಡಕ್ಕೆ ತಳ್ಳುತ್ತದೆ, ಅಲೆ ಬಡಿದು ಅಲ್ಲಿನ ಕೆಸರು ಕದಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಗೆಂಡೆಯೂ ಆ ಕಡೆ ತಿರುಗುತ್ತದೆ. ನೀರು ಬಹಳ ತಣ್ಣಗಿರುವ ಬೆಳಗಿನಲ್ಲಿ ಮಾತ್ರ ಗಾಳಿಗೆ ಮರೆಯಾದ, ಎಳೆಬಿಸಿಲು ಬೀಳುವ ದಡವೇ ಮೇಲು. ಹಾಗೆಂದು ಮೇವು ಹಾಕಿದ ಜಾಗ ಬಿಟ್ಟು ದಡವೆಲ್ಲ ಅಲೆದರೆ ಹಿಂದಿನ ಸಂಜೆಗಳ ಮೇವು ವ್ಯರ್ಥ. ಮೊದಲ ದಿನ ಜಾಗ ಆರಿಸುವಾಗಲೇ ಮೂಡುಗಾಳಿ ಎದುರಾಗುವ ದಡ ಆರಿಸಿಕೊಂಡಿದ್ದರೆ ಈ ಗೊಂದಲವಿಲ್ಲ. ಗಾಳಿಗೆ ಎದುರಾಗಿ ಎಸೆಯುವುದು ಕಷ್ಟ, ಮುಖಕ್ಕೆ ಚಳಿ ಹೊಡೆಯುತ್ತದೆ. ಆದರೂ ಮೀನು ಸಿಗುವುದು ಅಲ್ಲೇ.

ಇವತ್ತಿನ ತೊಡಕು ಬೇರೆ. ಮೇವಿನ ಜಾಗದಲ್ಲಿ ಗುಳ್ಳೆ ಏಳುತ್ತಿದ್ದರೂ ಕೊಕ್ಕೆಗೆ ಬರುವುದಿಲ್ಲ. ಮೇವು ಹೆಚ್ಚಾದಾಗ ಆಗುವುದು ಹೀಗೆಯೇ: ತಳದಲ್ಲಿ ಸಾವಿರ ಕಾಳಿದ್ದರೆ ನಮ್ಮ ಎರಡು ಕಾಳಿಗೆ ಸರದಿ ಯಾವಾಗ ಬರಬೇಕು? ಬೆಳಿಗ್ಗೆ ಮೇವು ನಿಲ್ಲಿಸಿ, ಒಂದೊಂದು ಮೀನು ಸಿಕ್ಕಮೇಲೆ ಮಾತ್ರ ಒಂದು ಹಿಡಿ ಕಾಳು ಎಸೆಯಿರಿ. ಕೊಕ್ಕೆಯ ದಾರವನ್ನು ಒಂದು ಗೇಣಿನಿಂದ ಅರ್ಧ ಗೇಣಿಗೆ ಇಳಿಸಿದರೆ ಒಂದೇ ಜಾಗದಲ್ಲಿ ನಿಂತು ಮೇಯುವ ಮೀನಿಗೂ ನಟ್ಟಿನ ಭಾರ ಬೇಗ ತಾಗುತ್ತದೆ. ಮುಟ್ಟಿದ ಗುರುತೇ ಇಲ್ಲದೆ ಕಾಳು ಮಾಯವಾಗುತ್ತಿದ್ದರೆ, ದಾರದ ತುದಿ ಕತ್ತರಿಸಿದಂತೆ ಕಂಡರೆ, ಏಡಿ ಇದೆ ಎಂದು ತಿಳಿದು ಎರಡು ಮೀಟರು ಆಚೆ ಹಾಕಿ.

ಜನವರಿಯಿಂದ ಮಾರ್ಚ್‌ವರೆಗೆ ಸಾಮಾನ್ಯ ಗೆಂಡೆ ಮೊಟ್ಟೆಯಿಡುವ ಕಾಲ. ಹೊಟ್ಟೆ ಉಬ್ಬಿ ಮೆತ್ತಗಿರುವ ಹೆಣ್ಣು ಬಂದರೆ ಬಿಡುವುದು ಒಳ್ಳೆಯದು. ಬಿಡುವ ಮೀನನ್ನು ಒಣಗೈಯಲ್ಲಿ, ಒಣಗೋಣಿಯ ಮೇಲೆ ಹಿಡಿಯಬೇಡಿ, ಮೈಮೇಲಿನ ಲೋಳೆ ಹೋದರೆ ಹುಣ್ಣಾಗುತ್ತದೆ. ಒದ್ದೆ ಮಾಡಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿಸಿ, ಉದ್ದ ಮೂಗಿನ ಇಕ್ಕಳದಿಂದ ಕೊಕ್ಕೆ ತೆಗೆದು, ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡಿರಿ. ಕೈ ಕೊಡವಿಕೊಂಡು ತಾನೇ ಹೋಗುತ್ತದೆ. ಜೀವಂತ ಮೀನನ್ನು ಬಕೆಟ್ಟಿನಲ್ಲಿ ಒಯ್ದು ನಮ್ಮೂರ ಕೆರೆಗೆ ಬಿಡುವುದಂತೂ ಸಲ್ಲದು. ತಳ ಕೆದಕಿ ನೀರು ಕದಡುವ ಈ ಮೀನು ಬಂದಲ್ಲಿ ಕೆರೆಯ ಸ್ಥಳೀಯ ಮೀನುಗಳಿಗೆ ತೊಂದರೆ.

ಊಟಕ್ಕೆ ಒಂದು ಗಂಡು ಗೆಂಡೆ ಇಟ್ಟುಕೊಂಡರೆ ಇಬ್ಬರ ಒಂದು ಹೊತ್ತಿನ ಸಾರಿನ ಖರ್ಚು ಉಳಿಯಿತು. ಅಡುಗೆ ಮಾಡಿಕೊಡುವ ಸಣ್ಣ ಹೋಟೆಲು ಸಿಕ್ಕರೆ ರಾಗಿ ಮುದ್ದೆಗೆ ಅದಕ್ಕಿಂತ ಬೇಕೇ? ಸೀಳುವಾಗ ಪಿತ್ತಕೋಶ ಒಡೆಯದಂತೆ ತೆಗೆದು ದೂರ ಎಸೆಯಿರಿ, ಗೆಂಡೆ ಜಾತಿಯ ಪಿತ್ತ ವಿಷ. ಮಣ್ಣುವಾಸನೆ ಹೋಗಲು ಹುಣಸೆಹಣ್ಣಿನ ರಸ ಸವರಿ ಅರ್ಧ ಗಂಟೆ ಬಿಡಬೇಕು. ಆ ವಾಸನೆಗೆ ಕಾರಣವಾದ ವಸ್ತು ಹುಳಿಗೆ ಒಡೆದುಹೋಗುತ್ತದೆ. ನಮ್ಮ ಅಜ್ಜಿಯರ ಹುಣಸೆ ಹುಳಿಯ ಮೀನು ಸಾರು ಸುಮ್ಮನೆ ಬಂದದ್ದಲ್ಲ.

ನಾಲ್ಕನೆಯ ದಿನ: ಅರ್ಧ ಬೆಳಗು, ಲೆಕ್ಕ

ಹತ್ತರವರೆಗೆ ಕೂತು ಎದ್ದುಬಿಡುವುದು. ಮೂರು ಸಂಜೆ ಮೇವು ಕಂಡ ಜಾಗದ ಈ ಬೆಳಗು ಸಾಮಾನ್ಯವಾಗಿ ಎಲ್ಲಕ್ಕಿಂತ ಚುರುಕಾಗಿರುತ್ತದೆ. ದೊಡ್ಡ ಮೀನು ಅನುಮಾನ ಬಿಟ್ಟು ಬರಲು ಅಷ್ಟು ದಿನ ಬೇಕು. ಆದ್ದರಿಂದ ಇವತ್ತು ಹೊಸ ಕೊಕ್ಕೆ, ಹೊಸ ಗಂಟು. ಹಿಂದಿನ ದಿನ ಜಲ್ಲಿಗೆ ಉಜ್ಜಿದ ಕೊಕ್ಕೆಯಲ್ಲೇ ಮುಂದುವರಿದು ಹತ್ತು ರೂಪಾಯಿ ಉಳಿಸುವುದು ಕೆಟ್ಟ ಜಿಪುಣತನ. ಕತ್ತರಿಸಿದ ದಾರದ ಚೂರುಗಳನ್ನೆಲ್ಲ ಒಂದು ಬಾಟಲಿಗೆ ತುಂಬಿ ವಾಪಸು ತನ್ನಿ, ಹಿನ್ನೀರಿನ ಕೊಕ್ಕರೆಗಳ ಕಾಲಿಗೆ ಅದು ಉರುಳು.

ಇಬ್ಬರ ಖರ್ಚು ಸುಮಾರು ಹೀಗೆ: ಮೆಕ್ಕೆಜೋಳ, ಎರಡು ಕಿಲೋ ಹಿಂಡಿ, ಎರಡು ಕಿಲೋ ತೌಡು, ಬೆಲ್ಲ, ಮೊಟ್ಟೆ, ಹಿಟ್ಟು ಎಲ್ಲ ಸೇರಿ 400 ರೂಪಾಯಿ. ಓಡಾಟವೂ ಸೇರಿ 530 ಕಿ.ಮೀ.ಗೆ ಹತ್ತು ಲೀಟರು ಪೆಟ್ರೋಲು, 1,000. ಮೂರು ರಾತ್ರಿಯ ರೂಮು 2,100. ದಿನಕ್ಕೆ 400ರಂತೆ ಊಟತಿಂಡಿ 1,600. ಒಟ್ಟು 5,100, ತಲೆಗೆ 2,550. ಪರವಾನಗಿಯ ಶುಲ್ಕ ಇದರ ಮೇಲೆ. ಸಾಮಾನಿಗೆ ಒಬ್ಬೊಬ್ಬರಿಗೆ ಒಂದೇ ಸಲದ 1,500, ಇಬ್ಬರ ನಡುವೆ 300ರ ಒಂದು ಕೈಬಲೆ. ಬಾಟಲಿ ದಾರದವರಿಗೆ ಸಾಮಾನಿನ ಖರ್ಚು ಮುನ್ನೂರರೊಳಗೆ.

ಇದೇ ದಡಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ನೀರು ಬಹಳ ಹಿಂದೆ ಸರಿದಿರುತ್ತದೆ. ಹಳೆಯ ನದಿಪಾತ್ರದ ಹತ್ತಿರದ ಆಳ ಹುಡುಕಬೇಕು, ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಸಬೇಕು, ಮೇವಿಗೆ ಹಿಂಡಿ ಅರ್ಧ ಮಾಡಿ ಕಾಳು ಹೆಚ್ಚಿಸಬೇಕು, ಏಕೆಂದರೆ ಬಿಸಿನೀರಿನಲ್ಲಿ ಹಿಂಡಿ ಬೇಗ ಕೊಳೆಯುತ್ತದೆ. ಮುಂಗಾರಿನಲ್ಲಿ ಒಳಹರಿವು ಏರುವಾಗ ಹೊಸದಾಗಿ ಮುಳುಗಿದ ಹುಲ್ಲಿನ ಮೇಲೆಯೇ, ಮೊಣಕಾಲುದ್ದ ನೀರಿನಲ್ಲೂ ಗೆಂಡೆ ಇರುತ್ತದೆ. ಆಗ ನಟ್ಟು ಬೇಡ, ಒಂದು ಬೆಂಡು, ಒಂದು ಎರೆಹುಳು, ಹತ್ತು ಮೀಟರು ದಾರ ಸಾಕು. ಆದರೆ ದಡ ಕುಸಿಯುವ, ಮಟ್ಟ ಗಂಟೆಗಂಟೆಗೂ ಏರುವ ಕಾಲ ಅದು. ಚೀಲವನ್ನು ನೀರಿನ ಅಂಚಿನಿಂದ ದೂರ ಇಟ್ಟು, ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಅರ್ಧ ಗಂಟೆಗೊಮ್ಮೆ ನೋಡುತ್ತಿರಬೇಕು.